ಊರು ಬದಲಾಯಿತು, ಹೊಸ ವೈದ್ಯರು ಕಿವಿಗೊಡುತ್ತಿಲ್ಲ: ಏನು ಮಾಡುವುದು?

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಐವತ್ತೆಂಟು ವರ್ಷದ ಒಬ್ಬ ತಾಯಿ ಮಗನೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಹಾವೇರಿ ಕಡೆಯವರು. ಪತಿ ತೀರಿಕೊಂಡ ಮೇಲೆ ಇದ್ದತ್ ಮುಗಿಸಿ, ಬೆಂಗಳೂರಿನ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಸಲಾಮ್ ಹೇಳಿ ಕುರ್ಚಿಯಲ್ಲಿ ಕೂರುತ್ತಲೇ ಹೇಳಿದರು:

“ಹಕೀಮ್ ಸಾಬ್, ಎದೆ ಡವಡವ ಅಂತದೆ. ರಾತ್ರಿ ನಿದ್ದೆ ಇಲ್ಲ. ನಿಮ್ಮ ಯುನಾನಿ ಔಷಧಿ ಕೊಡಿ. ಆ ಇಂಗ್ಲಿಷ್ ಡಾಕ್ಟರ್ ಹತ್ತಿರ ಇನ್ನು ನಾನು ಹೋಗೋದಿಲ್ಲ.”

ನಾಡಿ ಹಿಡಿದು ನೋಡಿದೆ. ನಿಮಿಷಕ್ಕೆ 112. ರಕ್ತದೊತ್ತಡ 180/110. ನಿಧಾನವಾಗಿ ವಿಚಾರಿಸಿದಾಗ ಕಥೆ ಹೊರಬಂತು. ಒಂಬತ್ತು ವರ್ಷಗಳಿಂದ ಅವರು ರಕ್ತದೊತ್ತಡಕ್ಕೆ ಅಟೆನೊಲಾಲ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಜೊತೆಗೆ ಥೈರಾಯ್ಡ್ ಮಾತ್ರೆ. ಬೆಂಗಳೂರಿಗೆ ಬಂದ ಮೇಲೆ ಸೊಸೆ ಅವರನ್ನು ಮನೆಯ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಒಂದೂವರೆ ಗಂಟೆ ಕಾದದ್ದು, ಎರಡು ನಿಮಿಷ ನೋಡಿದ್ದು. ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲವನ್ನು ವೈದ್ಯರು ಪಕ್ಕಕ್ಕೆ ಸರಿಸಿ, “ಇದೆಲ್ಲ ಬೇಡ, ಹೊಸದಾಗಿ ಟೆಸ್ಟ್ ಮಾಡಿಸಿಕೊಂಡು ಬನ್ನಿ” ಎಂದರಂತೆ. ಈ ತಾಯಿ ಏನೋ ಹೇಳಲು ಹೋದಾಗ, “ಡಾಕ್ಟರ್ ನೀವೋ ನಾನೋ?” ಎಂದರಂತೆ. ಮನೆಗೆ ಬಂದು ಅತ್ತರು. ಟೆಸ್ಟ್ ಮಾಡಿಸಲಿಲ್ಲ, ಮತ್ತೆ ಆ ಕಡೆ ಹೋಗಲೂ ಇಲ್ಲ. ಊರಿನಿಂದ ತಂದ ಮಾತ್ರೆ ಮುಗಿದು ಹತ್ತು ದಿನವಾಗಿತ್ತು.

ಅವರ ಎದೆಬಡಿತಕ್ಕೆ ಹೊಸ ರೋಗವೇನೂ ಕಾರಣವಾಗಿರಲಿಲ್ಲ. ಅಟೆನೊಲಾಲ್‌ನಂತಹ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಹೃದಯ ಓಡತೊಡಗುತ್ತದೆ, ರಕ್ತದೊತ್ತಡ ಮೇಲೇರುತ್ತದೆ. ಹೃದಯದ ಕಾಯಿಲೆ ಇರುವವರಿಗೆ ಅದು ಹೃದಯಾಘಾತದವರೆಗೂ ಹೋಗಬಹುದು. ನಾನು ಯುನಾನಿ ವೈದ್ಯ. ಆ ಮಾತ್ರೆ ಬರೆದುಕೊಡುವುದು ನನ್ನ ಕೆಲಸವಲ್ಲ. ಆ ಹೊತ್ತಿನಲ್ಲಿ ಒಂದು ಡಬ್ಬಿ ಖಮೀರಾ ಕೊಟ್ಟು ಕಳುಹಿಸಿದ್ದರೆ ಅದು ಮೋಸವಾಗುತ್ತಿತ್ತು. ಮಗನ ಮೊಬೈಲಿನಿಂದ ಹಾವೇರಿಯ ಹಳೆಯ ವೈದ್ಯರಿಗೆ ಕರೆ ಮಾಡಿಸಿದೆ. ಹೆಸರು ಹೇಳುತ್ತಲೇ ಅವರು ಗುರುತು ಹಿಡಿದರು. “ಅವರಿಗೆ ಸಲ್ಫಾ ಮಾತ್ರೆ ಕೊಡಬೇಡಿ, ಹಿಂದೊಮ್ಮೆ ಮೈಯೆಲ್ಲ ದದ್ದು ಎದ್ದಿತ್ತು” ಎಂದು ಮೊದಲು ಹೇಳಿದರು. ನಂತರ ಇಸಿಜಿ ಮಾಡಿಸಲು ತಿಳಿಸಿ, ಮೊಬೈಲಿನಲ್ಲೇ ಚೀಟಿ ಕಳುಹಿಸಿದರು. ಅದೇ ಸಂಜೆ ಸರಕಾರಿ ಆಸ್ಪತ್ರೆಯಲ್ಲಿ ಇಸಿಜಿ ಆಯಿತು, ಮಾತ್ರೆ ಮತ್ತೆ ಶುರುವಾಯಿತು.

ಸಲ್ಫಾದ ವಿಷಯ ಆ ಪ್ಲಾಸ್ಟಿಕ್ ಚೀಲದ ಯಾವ ಕಾಗದದಲ್ಲೂ ಇರಲಿಲ್ಲ. ಅದು ಹಾವೇರಿಯ ವೈದ್ಯರ ತಲೆಯಲ್ಲಿ ಮಾತ್ರ ಇತ್ತು.

ಮದುವೆಯಾಗಿ ಗಂಡನ ಮನೆಗೆ ಹೋಗುವವರು, ವರ್ಗಾವಣೆಯಾದವರು, ಮಕ್ಕಳ ಮನೆಗೆ ಬರುವ ಹಿರಿಯರು, ಗಲ್ಫ್‌ನಿಂದ ಮರಳುವವರು, ಹೀಗೆ ನಮ್ಮ ಕುಟುಂಬಗಳಲ್ಲಿ ಊರು ಬದಲಿಸದವರು ಕಡಿಮೆ. ಹೊಸ ವೈದ್ಯರು ಸರಿಯಾಗಿ ಸ್ಪಂದಿಸಲಿಲ್ಲ ಎಂಬ ದೂರು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಈ ಲೇಖನದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು: ವೈದ್ಯರನ್ನು ಬದಲಿಸುವ ಹಕ್ಕು ನಿಮಗಿದೆ, ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಿಗುವ ನಡುವೆ ಔಷಧಿ ನಿಲ್ಲಬಾರದು.

ಹಳೆಯ ವೈದ್ಯರು ಯಾಕೆ ಒಳ್ಳೆಯವರೆನಿಸುತ್ತಿದ್ದರು?

ಊರಿನ ವೈದ್ಯರಿಗೆ ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತು. ಎರಡನೇ ಹೆರಿಗೆಯಲ್ಲಿ ರಕ್ತಸ್ರಾವವಾದದ್ದು ಗೊತ್ತು. ಯಾವ ಮಾತ್ರೆ ನಿಮಗೆ ಹಿಡಿಸುವುದಿಲ್ಲ ಎಂಬುದೂ ಗೊತ್ತು. ಅವರು ಎರಡೇ ನಿಮಿಷ ನೋಡಿದರೂ ಆ ಎರಡು ನಿಮಿಷದ ಹಿಂದೆ ಹತ್ತು ವರ್ಷದ ಪರಿಚಯವಿರುತ್ತದೆ. ಹೊಸ ವೈದ್ಯರ ಎರಡು ನಿಮಿಷದ ಹಿಂದೆ ಏನೂ ಇರುವುದಿಲ್ಲ. ನಮಗೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಒಂದೇ ಅಲ್ಲ.

ಇನ್ನೊಂದು ಸಂಗತಿಯೂ ಇದೆ. ಆರೋಗ್ಯ ಕಾಪಾಡುವ ಆರು ಮುಖ್ಯ ಸಂಗತಿಗಳನ್ನು ಯುನಾನಿ ಶಾಸ್ತ್ರವು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಕರೆಯುತ್ತದೆ. ಗಾಳಿ, ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಹೋಗುವುದು ಮತ್ತು ಉಳಿಯಬೇಕಾದದ್ದು ಉಳಿಯುವುದು. ಊರು ಬದಲಿಸಿದಾಗ ಈ ಆರೂ ಒಟ್ಟಿಗೆ ಅಲುಗಾಡುತ್ತವೆ. ನೀರು ಬೇರೆ, ಅಡುಗೆ ಬೇರೆ, ಮಲಗುವ ಹೊತ್ತು ಬೇರೆ, ನೆರೆಹೊರೆ ಬೇರೆ. ಅಂಗಳದಲ್ಲಿ ನಡೆದಾಡುತ್ತಿದ್ದವರು ಮೂರನೇ ಮಹಡಿಯ ಮನೆಯಲ್ಲಿ ಕೂರುತ್ತಾರೆ. ಮಲಬದ್ಧತೆ, ನಿದ್ರಾಹೀನತೆ, ಸಕ್ಕರೆಯ ಏರಿಳಿತ ಶುರುವಾಗುತ್ತದೆ. ಇದಕ್ಕೆಲ್ಲ ‘ಈ ಡಾಕ್ಟರ ಔಷಧಿಯೇ ಸರಿಯಿಲ್ಲ’ ಎಂದು ದೂರುವ ಮೊದಲು, ಹೊಸ ಊರಿನ ಬದುಕು ದೇಹವನ್ನು ಎಷ್ಟು ಬದಲಿಸಿದೆ ಎಂದು ಯೋಚಿಸಬೇಕು. ವೈದ್ಯರಿಗೂ ಅದನ್ನು ಹೇಳಬೇಕು.

ಊರು ಬಿಡುವ ಮೊದಲು

ಸಾಮಾನು ಕಟ್ಟುವಾಗ ಪಾತ್ರೆ ಪಡಗದ ಪಟ್ಟಿ ಮಾಡುತ್ತೇವೆ. ಔಷಧಿಯ ಪಟ್ಟಿ ಮಾಡುವವರು ಅಪರೂಪ. ಹೊರಡುವ ಎರಡು ವಾರ ಮೊದಲು ಹಳೆಯ ವೈದ್ಯರನ್ನು ಒಮ್ಮೆ ಕಾಣಿರಿ. ಅವರಿಂದ ಮೂರು ಸಂಗತಿ ಕೇಳಿರಿ.

ಒಂದು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಚೀಟಿ. ಅದರಲ್ಲಿ ಕಂಪನಿಯ ಹೆಸರಷ್ಟೇ ಅಲ್ಲದೆ ಔಷಧಿಯ ಮೂಲ ಹೆಸರೂ ಇರಲಿ. ನಿಮ್ಮ ಊರಿನ ಮೆಡಿಕಲ್‌ನಲ್ಲಿ ಸಿಗುವ ಕಂಪನಿ ಇನ್ನೊಂದು ಊರಿನಲ್ಲಿ ಸಿಗದಿರಬಹುದು. ಮೂಲ ಹೆಸರು ಎಲ್ಲೆಡೆ ಒಂದೇ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಕೊಳ್ಳುವುದಕ್ಕೂ ಅದೇ ಬೇಕು. ವೈದ್ಯರು ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ಮಂಡಳಿಯ ನಿಯಮವೇ ಹೇಳುತ್ತದೆ.

ಎರಡು, ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಬಿಡುಗಡೆ ಪತ್ರ ಮತ್ತು ವರದಿಗಳ ಪ್ರತಿ. ಇದು ಅವರು ಮಾಡುವ ಉಪಕಾರವಲ್ಲ. 2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು.

ಮೂರು, ಕನಿಷ್ಠ ಒಂದು ತಿಂಗಳಿಗೆ ಸಾಲುವಷ್ಟು ಔಷಧಿ. ಹೊಸ ಊರಿನಲ್ಲಿ ಸರಿಯಾದ ವೈದ್ಯರನ್ನು ಹುಡುಕಲು ನಿಮಗೆ ಸಮಯ ಬೇಕು. ಆ ಸಮಯವನ್ನು ಈ ಮಾತ್ರೆಗಳು ಕೊಡುತ್ತವೆ.

ಇವುಗಳ ಜೊತೆ ಒಂದು ಹಾಳೆಯನ್ನು ನೀವೇ ಬರೆದಿಡಿ. ದಪ್ಪ ಚೀಲವನ್ನು ಬಿಚ್ಚಿ ನೋಡಲು ವೈದ್ಯರಿಗೆ ಪುರುಸೊತ್ತಿಲ್ಲದಿರಬಹುದು. ಒಂದು ಹಾಳೆಯನ್ನು ಅರ್ಧ ನಿಮಿಷದಲ್ಲಿ ಓದಬಹುದು. ಅದರಲ್ಲಿ ಇಷ್ಟು ಇರಲಿ:

- ಹೆಸರು, ವಯಸ್ಸು, ತೂಕ, ರಕ್ತದ ಗುಂಪು
- ಯಾವ ಕಾಯಿಲೆ, ಯಾವ ವರ್ಷದಿಂದ
- ಈಗಿನ ಔಷಧಿಗಳು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ
- ಮೈಗೆ ಒಗ್ಗದ ಔಷಧಿ, ಅದರಿಂದ ಏನಾಗಿತ್ತು
- ಆಗಿರುವ ಶಸ್ತ್ರಚಿಕಿತ್ಸೆ, ಹೆರಿಗೆ, ಆಸ್ಪತ್ರೆ ವಾಸ
- ಕೊನೆಯ ಪರೀಕ್ಷೆಗಳ ಫಲಿತಾಂಶ ಮತ್ತು ದಿನಾಂಕ
- ತಂದೆ ತಾಯಿ, ಒಡಹುಟ್ಟಿದವರ ಮುಖ್ಯ ಕಾಯಿಲೆಗಳು
- ಹಳೆಯ ವೈದ್ಯರ ಹೆಸರು ಮತ್ತು ದೂರವಾಣಿ ಸಂಖ್ಯೆ

‘ಮೈಗೆ ಒಗ್ಗದ ಔಷಧಿ’ ಎಂಬ ಸಾಲನ್ನು ಹಳೆಯ ವೈದ್ಯರನ್ನು ಕೇಳಿಯೇ ತುಂಬಿಸಿ. ನಮಗೆ ಮರೆತದ್ದು ಅವರಿಗೆ ನೆನಪಿರುತ್ತದೆ.

ಇದು ಇಂದಿನ ಕಂಪ್ಯೂಟರ್ ಕಾಲದ ಹೊಸ ಯೋಚನೆಯೇನಲ್ಲ. ಒಂಬತ್ತನೇ ಶತಮಾನದಲ್ಲಿ ಇಸ್‌ಹಾಕ್ ಬಿನ್ ಅಲಿ ಅರ್ರುಹಾವಿ ಎಂಬ ವೈದ್ಯರು ‘ಅದಬುತ್ತಬೀಬ್’ ಎಂಬ ಅರಬ್ಬಿ ಗ್ರಂಥದಲ್ಲಿ, ವೈದ್ಯನು ರೋಗಿಯ ಸ್ಥಿತಿಯನ್ನು ಬರೆದಿಡಬೇಕೆಂಬುದನ್ನು ವೈದ್ಯ ಧರ್ಮದ ಭಾಗವಾಗಿ ಹೇಳಿದ್ದರು. ಇಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಗಳ ಆಭಾ ಸಂಖ್ಯೆ ಮಾಡಿಸಿಕೊಂಡವರು ವರದಿಗಳನ್ನು ಅದರಲ್ಲೂ ಸೇರಿಸಿಕೊಳ್ಳಬಹುದು. ಆದರೂ ಕಾಗದದ ಒಂದು ಪ್ರತಿ ಕೈಯಲ್ಲಿರಲಿ. ಎಲ್ಲ ಕಾಗದಗಳ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿರಲಿ.

ಗಲ್ಫ್‌ನಿಂದ ಮರಳುವವರು ಗಮನಿಸಬೇಕಾದದ್ದು

ಅಲ್ಲಿಯ ಔಷಧಿಯ ಹೆಸರು ಇಲ್ಲಿ ಬೇರೆ ಇರುತ್ತದೆ. ಅಲ್ಲಿ ಪೆನಡಾಲ್ ಎಂದು ಕೊಳ್ಳುತ್ತಿದ್ದದ್ದು ಇಲ್ಲಿ ಕ್ರೋಸಿನ್, ಡೋಲೋ ಎಂಬ ಹೆಸರಲ್ಲಿ ಸಿಗುವ ಪ್ಯಾರಾಸಿಟಮಾಲ್. ಹೆಸರು ಬೇರೆಯೆಂದು ಎರಡನ್ನೂ ನುಂಗಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ.

ರಕ್ತದ ಸಕ್ಕರೆಯ ಅಳತೆಯೂ ಬೇರೆಯಾಗಿರಬಹುದು. ಅಲ್ಲಿಯ ವರದಿಯಲ್ಲಿ 7 ಎಂದಿದ್ದರೆ ಹೆದರಬೇಡಿ, ನಿರ್ಲಕ್ಷಿಸಲೂ ಬೇಡಿ. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ, ಅಂದರೆ 126.

ಎಲ್ಲಕ್ಕಿಂತ ಅಪಾಯದ್ದು ಇನ್ಸುಲಿನ್. ಭಾರತದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ 1 ಮಿ.ಲೀ.ಗೆ 40 ಯೂನಿಟ್ ಇರುತ್ತದೆ. ಹೊರದೇಶಗಳಲ್ಲಿ 1 ಮಿ.ಲೀ.ಗೆ 100 ಯೂನಿಟ್. ಎರಡಕ್ಕೂ ಸಿರಿಂಜ್ ಬೇರೆ ಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಅಲ್ಲಿಂದ ತಂದ 100ರ ಸೀಸೆಯಿಂದ ಇಲ್ಲಿಯ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್! ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ಇಲ್ಲಿಯ 40ರ ಸೀಸೆಯನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ 20ರ ಬದಲು 8 ಯೂನಿಟ್ ಮಾತ್ರ ಹೋಗುತ್ತದೆ. ‘ಇಪ್ಪತ್ತು ತಗೊಳ್ಳುತ್ತೇನೆ’ ಎಂದಷ್ಟೇ ಹೇಳಿದರೆ ಅವಸರದಲ್ಲಿರುವ ವೈದ್ಯರು ‘ಇಪ್ಪತ್ತು’ ಎಂದೇ ಬರೆಯುತ್ತಾರೆ. ಸೀಸೆಯನ್ನೂ ಸಿರಿಂಜನ್ನೂ ಮೇಜಿನ ಮೇಲಿಟ್ಟು ತೋರಿಸಿರಿ.

ಮೊದಲ ಭೇಟಿಯಲ್ಲಿ

ಕಾಯಿಲೆ ಜೋರಾಗುವವರೆಗೆ ಕಾಯಬೇಡಿ. ಆರೋಗ್ಯವಾಗಿರುವಾಗಲೇ, ಮಾತ್ರೆ ಇನ್ನೂ ಹದಿನೈದು ದಿನಕ್ಕೆ ಉಳಿದಿರುವಾಗಲೇ ಮೊದಲ ಭೇಟಿ ಮುಗಿಸಿರಿ. ಜನಸಂದಣಿ ಕಡಿಮೆಯಿರುವ ಹೊತ್ತು ಯಾವುದೆಂದು ಮೊದಲೇ ವಿಚಾರಿಸಿರಿ.

ಮಾತು ಚಿಕ್ಕದಾಗಿರಲಿ. ಹಳೆಯ ವೈದ್ಯರನ್ನು ಹೊಗಳುವುದರಿಂದ ಆರಂಭಿಸಬೇಡಿ. “ನಾವು ಹೊಸದಾಗಿ ಈ ಊರಿಗೆ ಬಂದಿದ್ದೇವೆ. ಒಂಬತ್ತು ವರ್ಷದಿಂದ ಬಿಪಿ ಇದೆ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಇನ್ನು ಹದಿನೈದು ದಿನಕ್ಕಿದೆ. ಇದನ್ನೇ ಮುಂದುವರಿಸಬೇಕೋ, ಬದಲಿಸಬೇಕೋ?” ಎಂದು ಕೇಳಿರಿ. ಪ್ರಶ್ನೆ ಸ್ಪಷ್ಟವಾಗಿದ್ದರೆ ಉತ್ತರವೂ ಬರುತ್ತದೆ.

ಔಷಧಿ ಬದಲಿಸಿದರೆ ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ: ಯಾಕೆ ಬದಲಿಸಿದಿರಿ? ಹಳೆಯದನ್ನು ಪೂರ್ತಿ ನಿಲ್ಲಿಸಬೇಕೋ, ನಿಧಾನವಾಗಿ ಇಳಿಸಬೇಕೋ? ಹಳೆಯ ಮಾತ್ರೆಯೂ ಹೊಸ ಮಾತ್ರೆಯೂ ಹೆಸರು ಬೇರೆಯಾಗಿ ಒಂದೇ ಔಷಧಿಯಾಗಿರುವುದುಂಟು. ಎರಡನ್ನೂ ತೆಗೆದುಕೊಂಡು ತಲೆ ಸುತ್ತಿ ಬಿದ್ದವರನ್ನು ನೋಡಿದ್ದೇನೆ.

ಯುನಾನಿ, ಆಯುರ್ವೇದ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ‘ಹೇಳಿದರೆ ಬೈಯುತ್ತಾರೆ’ ಎಂದು ಅನೇಕರು ಹೇಳುವುದೇ ಇಲ್ಲ. ನನ್ನ ಪದ್ಧತಿಯ ಬಗ್ಗೆ ನಾನೇ ಹೇಳುತ್ತೇನೆ: ಕೆಮ್ಮಿಗೆ ಕೊಡುವ ಅನೇಕ ಔಷಧಿಗಳಲ್ಲಿ ಮುಲೇಠಿ, ಅಂದರೆ ಜ್ಯೇಷ್ಠಮಧು ಇರುತ್ತದೆ. ಅದನ್ನು ಹೆಚ್ಚು ದಿನ ತೆಗೆದುಕೊಂಡರೆ ರಕ್ತದೊತ್ತಡ ಏರಬಹುದು, ದೇಹದ ಪೊಟ್ಯಾಸಿಯಂ ಇಳಿಯಬಹುದು. ಖಮೀರಾ, ಮಾಜೂನ್, ಶರಬತ್ತುಗಳಲ್ಲಿ ಸಕ್ಕರೆ ಅಥವಾ ಜೇನು ಇರುತ್ತದೆ. ಇದು ಗೊತ್ತಿಲ್ಲದೆ ಹೊಸ ವೈದ್ಯರು ಬಿಪಿ ಮಾತ್ರೆಯನ್ನೋ ಸಕ್ಕರೆ ಮಾತ್ರೆಯನ್ನೋ ಹೆಚ್ಚಿಸುತ್ತಾ ಹೋಗುತ್ತಾರೆ. ತಪ್ಪು ಅವರದಾಗುವುದಿಲ್ಲ.

ರಮಝಾನ್ ಉಪವಾಸದ ವಿಷಯವನ್ನು ಒಂದೆರಡು ತಿಂಗಳು ಮೊದಲೇ ಎತ್ತಿರಿ. ಕೆಲವು ವೈದ್ಯರು ಒಂದೇ ಮಾತಿನಲ್ಲಿ “ಉಪವಾಸ ಬೇಡ” ಎಂದುಬಿಡುತ್ತಾರೆ. ರೋಗಿ ಸುಮ್ಮನೆ ತಲೆಯಾಡಿಸಿ ಬಂದು, ತನಗೆ ತೋಚಿದಂತೆ ಬೆಳಗಿನ ಇನ್ಸುಲಿನನ್ನು ಸಹರಿಗೆ ಬದಲಿಸಿಕೊಳ್ಳುತ್ತಾನೆ. ಇದು ಅಪಾಯ. “ನನ್ನ ಸ್ಥಿತಿಯಲ್ಲಿ ಉಪವಾಸ ಸಾಧ್ಯವೇ? ಸಾಧ್ಯವಾದರೆ ಸಹರಿಗೆ ಎಷ್ಟು, ಇಫ್ತಾರಿಗೆ ಎಷ್ಟು? ಸಕ್ಕರೆ ಎಷ್ಟಕ್ಕಿಳಿದರೆ ಉಪವಾಸ ಮುರಿಯಬೇಕು?” ಎಂದು ಕೇಳಿರಿ. ಸಾಧ್ಯವಿಲ್ಲವೆಂದರೆ ಕಾರಣ ಕೇಳಿ ತಿಳಿದುಕೊಳ್ಳಿರಿ. ರೋಗಿಗೆ ಧರ್ಮ ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಮಹಿಳೆಯರಿಗೆ ಒಂದು ಮಾತು. ಪುರುಷ ವೈದ್ಯರು ದೇಹ ಪರೀಕ್ಷೆ ಮಾಡುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕೆಂದು ಕೇಳುವುದು ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದು ಸೇರಿದೆ. ಸಂಕೋಚದಿಂದ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವುದಕ್ಕಿಂತ ಬಾಯಿ ಬಿಟ್ಟು ಕೇಳುವುದು ಲೇಸು. ಭಾಷೆ ಬಾರದ ಅಮ್ಮಿಯ ಜೊತೆ ಹೋಗುವವರು ಯಾರೆಂದೂ ಯೋಚಿಸಿರಿ. ಗರ್ಭಕೋಶದ ತೊಂದರೆಯನ್ನು ಮಗನ ಮುಂದೆ ಅವರು ಹೇಳಲಾರರು. ಮಗಳೋ ಸೊಸೆಯೋ ಜೊತೆಗಿರಲಿ.

ಅವಸರ ಯಾವುದು, ಅಸಡ್ಡೆ ಯಾವುದು?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಚಿಕಿತ್ಸಾಲಯ ಆರಂಭಿಸಿದ ಮೊದಲ ವರ್ಷಗಳಲ್ಲಿ, ಬೇರೆ ಜಿಲ್ಲೆಯಿಂದ ಕೆಲಸಕ್ಕೆಂದು ಬಂದಿದ್ದ ಒಬ್ಬ ಯುವಕ ಹೊಟ್ಟೆಯುರಿಗೆ ಔಷಧಿ ಕೇಳಿ ಬಂದ. ಅಂದು ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಆತ ಜೇಬಿನಿಂದ ಮಡಚಿದ ಒಂದು ಚೀಟಿ ತೆಗೆದ. “ಅದು ಆಮೇಲೆ” ಎಂದು ಹೊಟ್ಟೆಯುರಿಗೆ ಔಷಧಿ ಕೊಟ್ಟು ಕಳುಹಿಸಿದೆ. ಅದು ಮೂರ್ಛೆ ರೋಗದ ಮಾತ್ರೆಯ ಚೀಟಿ. ಆ ಮಾತ್ರೆಯಿಂದಲೇ ಹೊಟ್ಟೆಯುರಿ ಎಂದುಕೊಂಡು ಅವನು ಅದನ್ನು ನಿಲ್ಲಿಸಿದ್ದ. ನಿಲ್ಲಿಸಬಹುದೇ ಎಂದು ನನ್ನನ್ನು ಕೇಳಲು ಬಂದಿದ್ದ. ನಾಲ್ಕನೇ ದಿನ ಕೆಲಸದ ಸ್ಥಳದಲ್ಲಿ ಫಿಟ್ಸ್ ಬಂದು ಬಿದ್ದು ಹಣೆಗೆ ಏಳು ಹೊಲಿಗೆ ಬಿತ್ತು. ಅಲ್ಲಾಹನ ದಯೆಯಿಂದ ಜೀವ ಉಳಿಯಿತು. ಅಂದು ಆ ಯುವಕನ ಪಾಲಿಗೆ ಅಸಹಕಾರಿ ವೈದ್ಯ ನಾನೇ ಆಗಿದ್ದೆ. ಅಂದಿನಿಂದ ಹೊಸ ರೋಗಿ ಬಂದರೆ ಮೊದಲು ಕೇಳುವ ಪ್ರಶ್ನೆ: “ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಇತ್ತೀಚೆಗೆ ಯಾವುದನ್ನು ನಿಲ್ಲಿಸಿದ್ದೀರಿ?”

ಆದ್ದರಿಂದ ಒಂದು ಭೇಟಿಯಲ್ಲಿ ಬೇಸರವಾಯಿತೆಂದು ತೀರ್ಮಾನಕ್ಕೆ ಬರಬೇಡಿ. ಇನ್ನೊಮ್ಮೆ ಹೋಗಿ ನೋಡಿರಿ. ಗಂಟಿಕ್ಕಿದ ಮುಖ, ಕಡಿಮೆ ಮಾತು, ಬಹಳ ಹೊತ್ತು ಕಾಯಿಸುವುದು, ಇವು ಬೇಸರದ ಸಂಗತಿಗಳೇ ಹೊರತು ಚಿಕಿತ್ಸೆಯ ತಪ್ಪುಗಳಲ್ಲ. ಪರೀಕ್ಷೆಯನ್ನು ಮತ್ತೆ ಮಾಡಿಸುವುದಕ್ಕೂ ಕೆಲವೊಮ್ಮೆ ಕಾರಣವಿರುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯನ್ನು ತೋರಿಸುತ್ತದೆ, ಆರು ತಿಂಗಳ ಹಳೆಯ ವರದಿ ಇಂದಿನ ಸ್ಥಿತಿ ಹೇಳುವುದಿಲ್ಲ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರದ ನಂತರ ಮತ್ತೆ ರಕ್ತ ಪರೀಕ್ಷೆ ಬೇಕು. ಆದರೆ ಹೋದ ವಾರವಷ್ಟೇ ಮಾಡಿಸಿದ ಪರೀಕ್ಷೆಯನ್ನು ಮತ್ತೆ ಬರೆದರೆ, “ಇದು ಹೋದ ವಾರದ್ದು, ಸಾಲದೇ?” ಎಂದು ಕೇಳುವುದು ತಪ್ಪಲ್ಲ.

ಈ ಕೆಳಗಿನವು ಕಂಡರೆ ಬೇರೆ ವೈದ್ಯರನ್ನು ಹುಡುಕಿರಿ:

- ಎರಡು ಮೂರು ಭೇಟಿಯಾದರೂ ಹಳೆಯ ಔಷಧಿಯ ಪಟ್ಟಿ ನೋಡದಿರುವುದು
- ಮೈಗೆ ಒಗ್ಗದ ಔಷಧಿಯನ್ನು ಹೇಳಿದರೂ ಲೆಕ್ಕಿಸದಿರುವುದು
- ಕಾಯಿಲೆಯ ಹೆಸರು, ಔಷಧಿ ಬದಲಿಸಿದ ಕಾರಣ ಕೇಳಿದರೆ ಗದರುವುದು
- ಚೀಟಿ, ವರದಿಗಳ ಪ್ರತಿ ಕೊಡಲು ನಿರಾಕರಿಸುವುದು
- ಔಷಧಿಯನ್ನು, ಪರೀಕ್ಷೆಯನ್ನು ತಾವು ಹೇಳಿದ ಕಡೆಯೇ ಮಾಡಿಸಬೇಕೆಂದು ಒತ್ತಾಯಿಸುವುದು
- ಉಡುಪು, ಧರ್ಮ, ಭಾಷೆಯನ್ನು ಹಿಡಿದು ಅವಮಾನಿಸುವುದು

ಎರಡನೇ ವೈದ್ಯರ ಅಭಿಪ್ರಾಯ ಪಡೆಯುವುದೂ ರೋಗಿಯ ಹಕ್ಕುಗಳಲ್ಲಿ ಒಂದು. ಇದಕ್ಕಾಗಿ ಜಗಳ ಆಡಬೇಕಿಲ್ಲ. “ಮನೆಯವರು ಇನ್ನೊಬ್ಬರನ್ನು ತೋರಿಸಬೇಕೆನ್ನುತ್ತಿದ್ದಾರೆ, ವರದಿಗಳ ಪ್ರತಿ ಕೊಡಿ” ಎಂದರೆ ಸಾಕು.

ನಡುವಿನ ದಿನಗಳಲ್ಲಿ

ಇದೇ ಮುಖ್ಯ ಭಾಗ. ಸಿಟ್ಟಿನಿಂದ ವೈದ್ಯರನ್ನು ಬಿಟ್ಟವರು ಆ ಸಿಟ್ಟಿನಲ್ಲೇ ಮಾತ್ರೆಯನ್ನೂ ಬಿಡುತ್ತಾರೆ. ಈ ಔಷಧಿಗಳನ್ನು ವೈದ್ಯರು ಹೇಳದೆ ಎಂದಿಗೂ ಒಮ್ಮೆಲೇ ನಿಲ್ಲಿಸಬಾರದು:

- ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಬಿಪಿ ಮತ್ತು ಹೃದಯದ ಮಾತ್ರೆಗಳು
- ಮೂರ್ಛೆ ರೋಗದ ಮಾತ್ರೆಗಳು
- ಇನ್ಸುಲಿನ್
- ವಾರಗಟ್ಟಲೆ ತೆಗೆದುಕೊಂಡ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್
- ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಕ್ಲೊಪಿಡೊಗ್ರೆಲ್
- ಮಾನಸಿಕ ಕಾಯಿಲೆಯ ಔಷಧಿಗಳು
- ಕ್ಷಯರೋಗದ ಔಷಧಿಗಳು

ನಡುವೆ ಮಾತ್ರೆ ಮುಗಿಯುವಂತಿದ್ದರೆ ಮೂರು ದಾರಿಗಳಿವೆ. ಮೊದಲನೆಯದು, ಹಳೆಯ ವೈದ್ಯರಿಗೆ ಕರೆ ಮಾಡುವುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಕಳೆದ ಆರು ತಿಂಗಳೊಳಗೆ ನಿಮ್ಮನ್ನು ಖುದ್ದಾಗಿ ನೋಡಿದ ವೈದ್ಯರು ಅದೇ ಕಾಯಿಲೆಯ ಔಷಧಿಯನ್ನು ಮುಂದುವರಿಸಲು ಫೋನಿನಲ್ಲಿ ವಿಚಾರಿಸಿ ಚೀಟಿ ಕಳುಹಿಸಬಹುದು. ಎರಡನೆಯದು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಗರಗಳಲ್ಲಿರುವ ‘ನಮ್ಮ ಕ್ಲಿನಿಕ್’. ಬಿಪಿ, ಸಕ್ಕರೆಯ ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಮೂರನೆಯದು, ಸರಕಾರದ ‘ಇ-ಸಂಜೀವಿನಿ’ ಮೂಲಕ ವೈದ್ಯರೊಂದಿಗೆ ಉಚಿತವಾಗಿ ಮಾತನಾಡುವುದು. ಪಕ್ಕದ ಮನೆಯವರ ಬಿಪಿ ಮಾತ್ರೆಯನ್ನು ಎರವಲು ಪಡೆಯುವುದು ಈ ದಾರಿಗಳಲ್ಲಿ ಸೇರಿಲ್ಲ!

ಕ್ಷಯರೋಗದವರಿಗೆ ಸರಕಾರಿ ಚಿಕಿತ್ಸೆಯಲ್ಲಿ ನಿಕ್ಷಯ್ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಹೊಸ ಊರಿನ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ಚಿಕಿತ್ಸೆ ಅಲ್ಲಿಗೇ ವರ್ಗವಾಗುತ್ತದೆ. ಉಚಿತ ಸಹಾಯವಾಣಿ 1800-11-6666.

ಎದೆನೋವು, ಉಸಿರಾಟದ ಕಷ್ಟ, ಮುಖ ಅಥವಾ ಕೈಕಾಲು ಒಂದು ಕಡೆ ಸೋಲುವುದು, ಮಾತು ತೊದಲುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು, ಇವು ಕಂಡರೆ ಒಳ್ಳೆಯ ವೈದ್ಯರನ್ನು ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿರಿ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಜೀವ ಉಳಿಸುವ ಚಿಕಿತ್ಸೆ ಕೊಡುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಪು ನೀಡಿದೆ.

ದೂರು ಕೊಡುವುದಾದರೆ

ಒಂದು ಒರಟು ಮಾತಿಗೆ ದೂರು ಬೇಕಿಲ್ಲ. ದಾಖಲೆ ಕೊಡದಿದ್ದರೆ, ತುರ್ತು ಚಿಕಿತ್ಸೆ ನಿರಾಕರಿಸಿದರೆ, ಅವಮಾನಿಸಿದರೆ ಸುಮ್ಮನಿರಬೇಕಾಗಿಯೂ ಇಲ್ಲ. ಮೊದಲು ಆ ಆಸ್ಪತ್ರೆಯ ಆಡಳಿತಕ್ಕೆ ಬರವಣಿಗೆಯಲ್ಲಿ ತಿಳಿಸಿರಿ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ. ವೈದ್ಯರ ವರ್ತನೆಯ ಬಗ್ಗೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು, ನನ್ನಂತಹ ಯುನಾನಿ ವೈದ್ಯರ ಬಗ್ಗೆಯಾದರೆ ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿ. ದಿನಾಂಕ, ನಡೆದ ಸಂಗತಿ, ಚೀಟಿಯ ಪ್ರತಿ ಇವಿಷ್ಟಿರಲಿ. ಕೂಗಾಟ, ಆಸ್ಪತ್ರೆಯಲ್ಲಿ ಗುಂಪುಗೂಡುವುದು ಖಂಡಿತ ಬೇಡ. ಅದರಿಂದ ನಮ್ಮ ನ್ಯಾಯವಾದ ದೂರೂ ದುರ್ಬಲವಾಗುತ್ತದೆ.

ಆ ತಾಯಿಗೆ ಏನಾಯಿತು?

ಮಾತ್ರೆ ಮತ್ತೆ ಶುರುವಾದ ಮೇಲೆ ಒಂದು ವಾರದಲ್ಲಿ ಎದೆಬಡಿತ ಇಳಿಯಿತು. ನಾನು ಅವರ ಮಗನಿಗೆ ಒಂದು ಖಾಲಿ ಹಾಳೆ ಕೊಟ್ಟು, ಹಾವೇರಿಯ ವೈದ್ಯರನ್ನು ಫೋನಿನಲ್ಲಿಟ್ಟುಕೊಂಡೇ ಎಲ್ಲವನ್ನೂ ಬರೆಯಿಸಿದೆ. ಸಲ್ಫಾದ ಸಾಲನ್ನು ಕೆಂಪು ಶಾಯಿಯಲ್ಲಿ ಬರೆಸಿದೆ. ಆ ಹಾಳೆ ಹಿಡಿದು ಅವರು ಬೇರೊಬ್ಬ ವೈದ್ಯೆಯ ಬಳಿ ಹೋದರು. ಆಕೆಯೂ ಹೆಚ್ಚು ಮಾತನಾಡುವವರಲ್ಲವಂತೆ. ಆದರೆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಕೆಂಪು ಸಾಲಿನ ಮೇಲೆ ಬೆರಳಿಟ್ಟು, “ಇದು ಯಾವಾಗ ಆಗಿದ್ದು?” ಎಂದು ಕೇಳಿದರಂತೆ.

“ಅಷ್ಟು ಕೇಳಿದರು ನೋಡಿ ಹಕೀಮ್ ಸಾಬ್, ನನಗೆ ನಮ್ಮೂರ ಡಾಕ್ಟರೇ ನೆನಪಾದರು” ಎಂದರು ಆ ತಾಯಿ. ಈಗ ಅವರು ಅಲ್ಲಿಗೇ ಹೋಗುತ್ತಾರೆ. ನನ್ನಲ್ಲಿಗೆ ಬರುವುದು ಮಲಬದ್ಧತೆಗೆ, ನಿದ್ದೆಗೆ ಮಾತ್ರ. ನಾನು ಕೊಡುವ ಔಷಧಿಯ ಹೆಸರನ್ನೂ ಅದೇ ಹಾಳೆಯ ಕೊನೆಗೆ ಬರೆದುಕೊಡುತ್ತೇನೆ.

ಶಿಫಾ ಕೊಡುವವನು ಅಲ್ಲಾಹನು. ನಮ್ಮ ಕೈಲಾದ ಏರ್ಪಾಡು ಮಾಡಿಕೊಳ್ಳುವುದು ನಮ್ಮ ಹೊಣೆ. ಇಂದು ರಾತ್ರಿ ಇಶಾ ನಮಾಝಿನ ನಂತರ ಮನೆಯ ಹಿರಿಯರ ಔಷಧಿ ಡಬ್ಬಿಯನ್ನು ಮುಂದಿಟ್ಟುಕೊಂಡು ಒಂದು ಹಾಳೆ ಬರೆದಿಡಿ. ಊರು ಬಿಡುವ ಯೋಚನೆ ಇಲ್ಲದಿದ್ದರೂ ಬರೆದಿಡಿ. ನಿಮ್ಮ ಹಳೆಯ ವೈದ್ಯರೇ ಊರು ಬಿಟ್ಟು ಹೋಗಬಹುದು.